ಸರ್ ಮಿರ್ಜಾ ಇಸ್ಮಾಯಿಲ್ (1883–1959): ನಾಡಿನ ವಿದ್ಯುತ್ ಉಪಕರಣ ಕೈಗಾರಿಕೆಯ ನಿರ್ಮಾಪಕರು

ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳು ಹಿಂದಿನ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಮಳೆ ಕಡಿಮೆಯಿರುವ ಈ ಭಾಗದ ರೈತರಿಗೆ ಕೊಳವೆಬಾವಿಯೇ ಆಧಾರವಾಗಿದ್ದು, ಪಂಪ್‌ಸೆಟ್ಟಿಗೆ ವಿದ್ಯುತ್ ಸಂಪರ್ಕ ಕೋರುವ ಪ್ರತಿಯೊಬ್ಬ ಅರ್ಜಿದಾರರಿಗೂ ಪರಿವರ್ತಕದ (ಟ್ರಾನ್ಸ್‌ಫಾರ್ಮರ್) ಅಗತ್ಯ ಚೆನ್ನಾಗಿ ತಿಳಿದಿದೆ. ಇಂತಹ ಉಪಕರಣಗಳು ನಾಡಿನಲ್ಲಿಯೇ ತಯಾರಾಗುವಂತೆ ಮಾಡಿದವರಲ್ಲಿ ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್‌ರವರು ಪ್ರಮುಖರು.

ಶ್ರೀಯುತರು 1883ರ ಅಕ್ಟೋಬರ್ 24ರಂದು ಬೆಂಗಳೂರಿನಲ್ಲಿ ಜನಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ್‌ರವರ ಸಹಪಾಠಿಯಾಗಿದ್ದ ಅವರು, ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು 1905ರಲ್ಲಿ ಪೊಲೀಸ್ ಇಲಾಖೆಯ ಮೂಲಕ ಸರ್ಕಾರಿ ಸೇವೆಗೆ ಸೇರಿದರು. ಮುಂದೆ ಮಹಾರಾಜರ ಆಪ್ತ ಕಾರ್ಯದರ್ಶಿಯಾಗಿ, 1926ರಿಂದ 1941ರವರೆಗೆ ದಿವಾನರಾಗಿ ಕಾರ್ಯನಿರ್ವಹಿಸಿದರು.

ಶಿವನಸಮುದ್ರದಲ್ಲಿ 1902ರಲ್ಲಿಯೇ ಜಲವಿದ್ಯುತ್ ಉತ್ಪಾದನೆ ಆರಂಭವಾಗಿತ್ತಾದರೂ, ಅಲ್ಲಿನ ಯಂತ್ರಗಳು ಅಮೆರಿಕ ಹಾಗೂ ಸ್ವಿಟ್ಜರ್ಲೆಂಡ್ ದೇಶಗಳಿಂದ ಬಂದಿದ್ದವು. ನೀರು ನಮ್ಮದಾದರೂ ಯಂತ್ರ ಪರರದಾಗಿತ್ತು. ಈ ಕೊರತೆಯನ್ನು ನೀಗಿಸುವ ದಿಸೆಯಲ್ಲಿ ಮಿರ್ಜಾರವರ ಆಡಳಿತಾವಧಿಯಲ್ಲಿ ಬೆಂಗಳೂರಿನಲ್ಲಿ ಮೂರು ಕಾರ್ಖಾನೆಗಳು ಸ್ಥಾಪನೆಗೊಂಡವು. 1932ರ ಪಿಂಗಾಣಿ ಕಾರ್ಖಾನೆಯು ವಿದ್ಯುತ್ ಮಾರ್ಗಗಳಿಗೆ ಬೇಕಾದ ಅವಾಹಕಗಳನ್ನು, 1933ರ ಸರ್ಕಾರಿ ವಿದ್ಯುತ್ ಕಾರ್ಖಾನೆಯು ಪರಿವರ್ತಕಗಳನ್ನು, 1936ರ ಮೈಸೂರು ಲ್ಯಾಂಪ್ ಕಾರ್ಖಾನೆಯು ದೀಪಗಳನ್ನು ತಯಾರಿಸಿದವು. ಪ್ರಪಂಚವೇ ಆರ್ಥಿಕ ಮುಗ್ಗಟ್ಟಿನಲ್ಲಿದ್ದ ಕಾಲದಲ್ಲಿ ಕೈಗೊಂಡ ಕ್ರಮಗಳಿವು ಎಂಬುದು ಗಮನಾರ್ಹ.

ಸ್ವಂತ ತಯಾರಿಕೆಯ ಮಹತ್ವ ಯುದ್ಧಕಾಲದಲ್ಲಿ ಸ್ಪಷ್ಟವಾಯಿತು. 1939ರಲ್ಲಿ ಆರಂಭಗೊಂಡ ಜೋಗದ ಜಲವಿದ್ಯುತ್ ಯೋಜನೆಯು ಎರಡನೆಯ ಮಹಾಯುದ್ಧದಿಂದಾಗಿ ವಿಳಂಬಗೊಂಡು 1948ರಲ್ಲಿ ಕಾರ್ಯಾರಂಭ ಮಾಡಿತು. ಅಷ್ಟರಲ್ಲಿ ಮಿರ್ಜಾರವರು ಮೈಸೂರನ್ನು ಬಿಟ್ಟು ಜಯಪುರ, ಅನಂತರ ಹೈದರಾಬಾದ್ ಸಂಸ್ಥಾನಗಳಲ್ಲಿ ಸೇವೆ ಸಲ್ಲಿಸಿ ನಿವೃತ್ತರಾಗಿದ್ದರು. ಅವರು 1959ರ ಜನವರಿ 5ರಂದು ಬೆಂಗಳೂರಿನಲ್ಲಿ ನಿಧನ ಹೊಂದಿದರು.

ಅವರ ಕಾಲದ ಸಂಸ್ಥೆಗಳೆಲ್ಲವೂ ಒಂದೇ ರೀತಿ ಬಾಳಲಿಲ್ಲ. ಲ್ಯಾಂಪ್ ಕಾರ್ಖಾನೆ ಕಾಲಕ್ರಮೇಣ ಮುಚ್ಚಿತು. ಪಿಂಗಾಣಿ ಕಾರ್ಖಾನೆ ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಸಂಸ್ಥೆಯಲ್ಲಿ ವಿಲೀನವಾಯಿತು. ವಿದ್ಯುತ್ ಕಾರ್ಖಾನೆಯು ಕರ್ನಾಟಕ ವಿದ್ಯುತ್ ಕಾರ್ಖಾನೆ (ಕವಿಕಾ) ಎಂಬ ಹೆಸರಿನಲ್ಲಿ ರಾಜ್ಯದ ವಿದ್ಯುತ್ ಸರಬರಾಜು ಕಂಪನಿಗಳಿಗೆ ಪರಿವರ್ತಕಗಳನ್ನು ಒದಗಿಸುತ್ತಾ ಬಂದಿದೆ.

ಜಲಶಕ್ತಿಯ ಜೊತೆಗೆ ಇಂದು ಸೂರ್ಯಶಕ್ತಿಯೂ ಸೇರಿದೆ. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಮುತ್ತಲಿನ ಐದು ಗ್ರಾಮಗಳಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ಜಮೀನಿನಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವು 2019ರ ಡಿಸೆಂಬರ್ ವೇಳೆಗೆ ಪೂರ್ಣಗೊಂಡಿತು. ಈ ಉದ್ಯಾನ ನಿರ್ಮಾಣಗೊಂಡ ವರ್ಷಗಳಲ್ಲಿ ದೇಶದಲ್ಲಿ ಬಳಕೆಯಾದ ಸೌರಫಲಕಗಳ ಬಹುಪಾಲು ಆಮದಾಗಿದ್ದವು. ಫಲಕಗಳ ದೇಶೀಯ ತಯಾರಿಕೆಗೆ ಉತ್ತೇಜನ ನೀಡಲು ಕೇಂದ್ರ ಸರ್ಕಾರವು 2021ರಲ್ಲಿ ಪ್ರೋತ್ಸಾಹಧನ ಯೋಜನೆಗೆ ಅನುಮೋದನೆ ನೀಡಿತು. ಬಿಸಿಲು ನಮ್ಮದಾಗಿರುವಂತೆ ಯಂತ್ರವೂ ನಮ್ಮದಾಗಬೇಕೆಂಬ ಈ ಪ್ರಯತ್ನಕ್ಕೆ ಮಿರ್ಜಾರವರ ಕಾರ್ಯವು ಒಂಬತ್ತು ದಶಕಗಳ ಹಿಂದಿನ ಮಾದರಿಯಾಗಿದೆ.