ಅಂಕಿಗಳಲ್ಲಿ ಹಾರ ಕಟ್ಟಿದ ಮಹಾವೀರಾಚಾರ್ಯರು

ಕ್ರಿ.ಶ. 9ನೇ ಶತಮಾನದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ದಿಗಂಬರ ಜೈನ ಗಣಿತಜ್ಞರು ಮಹಾವೀರಾಚಾರ್ಯರು. ಅವರು ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ' ಖಗೋಳದ ಆಸರೆಯಿಲ್ಲದೆ ಗಣಿತಕ್ಕಾಗಿಯೇ ಮೀಸಲಾದ ಗ್ರಂಥ. ಭಗವಾನ್ ಮಹಾವೀರರಿಗೆ ವಂದಿಸಿ, ನೃಪತುಂಗನನ್ನು ಪ್ರಶಂಸಿಸಿ ಅವರು ಗ್ರಂಥವನ್ನು ಆರಂಭಿಸುತ್ತಾರೆ. ಅಡುಗೆ, ವೈದ್ಯ, ಸಂಗೀತ, ಛಂದಸ್ಸುಗಳಿಂದ ಹಿಡಿದು ದ್ವೀಪ-ಸಾಗರಗಳ ಅಳತೆಯವರೆಗೆ ಗಣಿತವಿಲ್ಲದೆ ಯಾವುದೂ ಸಾಗದು ಎಂಬುದು ಅವರ ನಿಲುವು.

ಲೋಕದ ವಿಸ್ತಾರವನ್ನೂ ಕಾಲದ ಪ್ರಮಾಣವನ್ನೂ ಲೆಕ್ಕ ಹಾಕುವ ಜೈನಾಗಮಗಳಿಗೆ ಸಾವಿರ, ಲಕ್ಷ ಸಾಲುತ್ತಿರಲಿಲ್ಲ. ಆಚಾರ್ಯರು ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟರು. ಮಹಾಕ್ಷೋಭವೆಂದರೆ 1ರ ಮುಂದೆ 23 ಸೊನ್ನೆ.

ಆದರೆ ಅವರು ದೊಡ್ಡ ಸಂಖ್ಯೆಗೆ ಹೆಸರಿಟ್ಟು ಸುಮ್ಮನಾಗಲಿಲ್ಲ. ಗುಣಾಕಾರ ಕಲಿಯುವವರಿಗೆ ಅವರು ಕೊಟ್ಟ ಲೆಕ್ಕಗಳ ಉತ್ತರ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಅವನ್ನು ಕಂಠಾಭರಣಗಳೆಂದು ಕರೆದರು. 139ನ್ನು 109ರಿಂದ ಗುಣಿಸಿದರೆ 15151. 142857143ನ್ನು ಬರೀ 7ರಿಂದ ಗುಣಿಸಿದರೆ 1000000001: ಎರಡು ತುದಿಗೆ ಒಂದೊಂದು ಮಣಿ, ನಡುವೆಲ್ಲ ಸೊನ್ನೆ. 8 ಇಲ್ಲದ 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳ ಸಾಲು. ಕಲಿಯುವವನು ಎಲ್ಲೋ ಒಂದು ಅಂಕಿ ತಪ್ಪಿದರೆ ಹಾರ ಹರಿದು ತಪ್ಪು ಕಣ್ಣಿಗೆ ಬೀಳುತ್ತದೆ. ಪಾಠ ಹೇಳುವವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ಸಿಗುವುದು ಕಷ್ಟ.

ಒಂದರಿಂದ ಆರರವರೆಗೆ ಏರಿ ಮತ್ತೆ ಇಳಿಯುವ 12345654321 ಎಂಬ ಸಂಖ್ಯೆಯೂ ಗ್ರಂಥದಲ್ಲಿದೆ. ಇದು 111111ರ ವರ್ಗ. ಆ 111111 ಎಂದರೆ 3, 7, 11, 13, 37 ಈ ಐದು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಮೊದಲ ಎರಡನ್ನು ಗುಣಿಸಿದರೆ 21, ಉಳಿದ ಮೂರನ್ನು ಗುಣಿಸಿದರೆ 5291. ಇವುಗಳ ವರ್ಗಗಳಾದ 441 ಮತ್ತು 27994681ನ್ನು ಗುಣಿಸಿ ನೋಡಿ, ಅದೇ ಹಾರ ಬರುತ್ತದೆ. ಮನೆಯ ಮಕ್ಕಳ ಕೈಯಲ್ಲಿ ಕಾಗದ-ಪೆನ್ನು ಕೊಟ್ಟು ಮಾಡಿಸಬಹುದಾದ ಲೆಕ್ಕವಿದು.

ಲೆಕ್ಕಗಳು ಪದ್ಯದಲ್ಲಿದ್ದುದರಿಂದ ಅಂಕಿಗಳ ಬದಲು ಶಬ್ದಗಳನ್ನು ಬಳಸಿದರು. ಆ ಶಬ್ದಗಳಲ್ಲಿ ಜಿನಧರ್ಮದ ಗುರುತಿದೆ: ರತ್ನ ಎಂದರೆ 3, ಗತಿ ಎಂದರೆ 4, ತತ್ತ್ವ ಎಂದರೆ 7. ರತ್ನತ್ರಯ, ಚತುರ್ಗತಿ, ಸಪ್ತತತ್ತ್ವಗಳನ್ನು ಬಲ್ಲ ಶ್ರಾವಕನಿಗೆ ಇವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಅವರು ಸ್ಪಷ್ಟವಾಗಿ ಹೇಳಿದರು. ಭಿನ್ನರಾಶಿಗಳನ್ನು ಕೂಡಲು ಲಘುತಮ ಸಾಮಾನ್ಯ ಅಪವರ್ತ್ಯವನ್ನು 'ನಿರುದ್ಧ' ಎಂಬ ಹೆಸರಿನಲ್ಲಿ ಬಳಸಿದರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದದ್ದು ಮಾತ್ರ ತಪ್ಪು. ಅದನ್ನು ಮುಚ್ಚಿಡುವ ಅಗತ್ಯವಿಲ್ಲ.

11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದ. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಮದರಾಸಿನಿಂದ ಪ್ರಕಟಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಹೊರಬಂದಿತು.