ಥಾಮಸ್ ಕ್ರಾಮ್‌ವೆಲ್ಲನ ಚರಿತ್ರೆ

ಇಂಗ್ಲೆಂಡಿನ ಇತಿಹಾಸದಲ್ಲಿ ಕ್ರಾಮ್‌ವೆಲ್ ಎಂಬ ಹೆಸರಿನಿಂದ ಪ್ರಸಿದ್ಧರಾದವರು ಇಬ್ಬರು. ಅರಸನನ್ನೇ ಕೆಡವಿ ರಾಜ್ಯವಾಳಿದ ಆಲಿವರನ ಕಥೆಯು ಅನೇಕರಿಗೆ ಗೊತ್ತು. ಅವನಿಗಿಂತ ನೂರು ವರ್ಷಗಳ ಹಿಂದೆ, ಅರಸನ ದಯೆಯಿಂದ ಏರಿ ಅರಸನ ಕೋಪದಿಂದ ಅಳಿದ ಥಾಮಸನ ಚರಿತ್ರೆಯನ್ನು ನಾವು ಇಲ್ಲಿ ಬರೆಯುತ್ತೇವೆ. ಹೆಣ್ಣುಮಕ್ಕಳ ಓದಿಗೂ ಈ ಚರಿತ್ರೆಗೂ ಸಂಬಂಧವುಂಟು.

ಥಾಮಸನು 1485ನೆಯ ಇಸವಿಯ ಸುಮಾರಿಗೆ ಲಂಡನ್ನಿನ ಸಮೀಪದ ಪಟ್ನಿಯಲ್ಲಿ ಹುಟ್ಟಿದನು. ತಂದೆಯು ಕಮ್ಮಾರಿಕೆ ಮೊದಲಾದ ಕಸುಬುಗಳಿಂದ ಜೀವಿಸುವವನು. ಮಗನು ಯೌವನದಲ್ಲಿಯೇ ದೇಶ ಬಿಟ್ಟು ಇಟಲಿ ಮೊದಲಾದ ಕಡೆಗಳಲ್ಲಿ ಅಲೆದು, ವ್ಯಾಪಾರವನ್ನೂ ಪರಭಾಷೆಗಳನ್ನೂ ಕಲಿತು, ಹಿಂದಿರುಗಿ ವಕೀಲನಾದನು. ಬಳಿಕ ಕಾರ್ಡಿನಲ್ ವುಲ್ಸಿಯ ಸೇವೆಗೆ ಸೇರಿದನು. 1529ರಲ್ಲಿ ವುಲ್ಸಿಯು ಪದಚ್ಯುತನಾದನು. ಅದೇ ವರ್ಷಗಳಲ್ಲಿ ಥಾಮಸನ ಹೆಂಡತಿಯೂ ಆನ್, ಗ್ರೇಸ್ ಎಂಬ ಇಬ್ಬರು ಪುತ್ರಿಯರೂ ತೀರಿಕೊಂಡರು.

ಆದರೂ ಎದೆಗುಂದದೆ ಆತನು ಎಂಟನೆಯ ಹೆನ್ರಿ ಅರಸನ ಆಪ್ತ ಮಂತ್ರಿಯಾದನು. ಇಂಗ್ಲೆಂಡಿನ ಸಭೆಯನ್ನು ರೋಮಾಪುರಿಯ ಪೋಪರ ಅಧಿಕಾರದಿಂದ ಬಿಡಿಸಿ, 1534ರಲ್ಲಿ ಅರಸನನ್ನೇ ಅದರ ಶಿರಸ್ಸೆಂದು ಪಾರ್ಲಿಮೆಂಟಿನ ಶಾಸನದ ಮೂಲಕ ಸ್ಥಾಪಿಸುವದರಲ್ಲಿ ಆತನ ಕೈವಾಡವು ದೊಡ್ಡದು. 1535ರಲ್ಲಿ ಸರ್ ಥಾಮಸ್ ಮೋರನೂ 1536ರಲ್ಲಿ ಆನ್ ಬೊಲಿನ್ ರಾಣಿಯೂ ಶಿರಚ್ಛೇದಕ್ಕೆ ಗುರಿಯಾದದ್ದರಲ್ಲಿಯೂ ಆತನ ಪಾಲುಂಟು. 1540ರೊಳಗೆ ಸುಮಾರು 800 ಮಠಗಳು ಮುಚ್ಚಲ್ಪಟ್ಟವು. ಕೆಲವು ಕನ್ಯಾಮಠಗಳಲ್ಲಿ ಹುಡುಗಿಯರಿಗೆ ಅಕ್ಷರಾಭ್ಯಾಸವಾಗುತ್ತಿತ್ತು, ಅದೂ ನಿಂತಿತು. ಮಠಗಳ ಆಸ್ತಿಯು ಅರಸನಿಗೂ ಶ್ರೀಮಂತರಿಗೂ ಸಂದಿತೇ ಹೊರತು ಬಾಲಿಕೆಯರ ಶಾಲೆಗಳಿಗೆ ಬರಲಿಲ್ಲ. ಈ ದೋಷಗಳನ್ನು ಮರೆಮಾಡುವದು ನಮಗೆ ಸರಿಯೆಂದು ತೋರುವದಿಲ್ಲ.

ಆತನಿಂದಾದ ಒಳ್ಳೇದನ್ನೂ ಹೇಳಬೇಕು. ಪ್ರತಿಯೊಂದು ದೇವಾಲಯದಲ್ಲಿಯೂ ಇಂಗ್ಲಿಷ್ ಸತ್ಯವೇದವನ್ನು ಜನರ ಕೈಗೆ ಎಟುಕುವಂತೆ ಇಡಬೇಕೆಂದೂ, ಸ್ನಾನದೀಕ್ಷೆ, ವಿವಾಹ, ಸಮಾಧಿಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದೂ 1538ರಲ್ಲಿ ಆಜ್ಞಾಪಿಸಿದನು. ಬಡವನ ಮಗಳ ಹೆಸರೂ ಹೀಗೆ ದಾಖಲೆಗೆ ಬಂದಿತು. ಮರುವರ್ಷ ಮೈಲ್ಸ್ ಕವರ್ಡೇಲನು ಸಿದ್ಧಪಡಿಸಿದ ದೊಡ್ಡ ಸತ್ಯವೇದವು ಅಚ್ಚಾಯಿತು.

1540ರ ಏಪ್ರಿಲಿನಲ್ಲಿ ಥಾಮಸನು ಎಸೆಕ್ಸಿನ ಅರ್ಲ್ ಆದನು. ಆದರೆ ಆತನು ಏರ್ಪಡಿಸಿದ ಕ್ಲೀವ್ಸಿನ ಆನಳ ವಿವಾಹವು ಅರಸನಿಗೆ ಮೆಚ್ಚಿಕೆಯಾಗಲಿಲ್ಲ. ಶತ್ರುಗಳು ಸಮಯ ಸಾಧಿಸಿದರು. ಜೂನ್ 10ರಂದು ಸೆರೆಯಾದ ಆತನಿಗೆ ನ್ಯಾಯಸ್ಥಾನದ ವಿಚಾರಣೆಯೂ ದೊರೆಯಲಿಲ್ಲ. ಜುಲೈ 28ರಂದು ಶಿರಚ್ಛೇದವಾಯಿತು. ಅದೇ ದಿನ ಅರಸನು ಮತ್ತೊಬ್ಬಳನ್ನು ಮದುವೆಯಾದನು.

1543ರಲ್ಲಿ ಹೊಸ ಶಾಸನವೊಂದು ಹುಟ್ಟಿತು. ಉನ್ನತ ಕುಲದ ಸ್ತ್ರೀಯರು ಇಂಗ್ಲಿಷ್ ಸತ್ಯವೇದವನ್ನು ಏಕಾಂತದಲ್ಲಿ ಮಾತ್ರ ಓದಬಹುದು. ಸಾಮಾನ್ಯ ಸ್ತ್ರೀಯರೂ ಕೂಲಿಕಾರರೂ ಓದಲೇ ಕೂಡದು ಎಂದು ಅದು ವಿಧಿಸಿತು. ಆದರೆ ಓದಿನ ರುಚಿಯನ್ನು ಕಂಡವರ ಬಾಯನ್ನು ಶಾಸನದಿಂದ ಬಹುಕಾಲ ಕಟ್ಟಲಾಗಲಿಲ್ಲ. 1547ರಲ್ಲಿ ಅದು ರದ್ದಾಯಿತು.

ಅರಸನು ಕೊಟ್ಟ ಪದವಿಯನ್ನು ಅರಸನೇ ಮೂರು ತಿಂಗಳಲ್ಲಿ ಕಿತ್ತುಕೊಂಡನು. ಓದಲು ಕಲಿತವಳಿಂದ ಆ ಕಲಿಕೆಯನ್ನು ಕಿತ್ತುಕೊಳ್ಳಲು ಯಾವ ಅರಸನಿಂದಲೂ ಆಗದು. ಪ್ರಿಯ ತಂದೆತಾಯಿಗಳೇ, ಮಗಳನ್ನು ನಡುವೆ ಶಾಲೆ ಬಿಡಿಸುವ ಯೋಚನೆ ಬಂದಾಗ ಇದನ್ನು ನೆನಸಿಕೊಳ್ಳಬೇಕೆಂದು ಬೇಡುತ್ತೇವೆ.