ಮಕ್ಕಳ ಉಸಿರಿನ ಹಾದಿ ತೆರೆದ ಡಾ. ಮೇಯರ್

ಬಾಯಿ ತೆರೆದೇ ಮಲಗುವ, ರಾತ್ರಿಯಿಡೀ ಗೊರಕೆ ಹೊಡೆಯುವ, ಹಗಲಿನಲ್ಲಿ ತರಗತಿಯ ಮೂಲೆಯಲ್ಲಿ ಮಂಕಾಗಿ ಕೂರುವ ಮಗುವನ್ನು ಹತ್ತೊಂಬತ್ತನೆಯ ಶತಮಾನದ ಯುರೋಪು ದಡ್ಡನೆಂದೇ ಬಗೆದಿತ್ತು. ದೋಷವಿರುವುದು ಬುದ್ಧಿಯಲ್ಲಲ್ಲ, ಮೂಗಿನ ಹಿಂಬದಿಯಲ್ಲಿ ಎಂದು ಬೆರಳಿಟ್ಟು ತೋರಿಸಿದವರು ಡೆನ್ಮಾರ್ಕಿನ ವೈದ್ಯ ಹಾನ್ಸ್ ವಿಲ್ಹೆಲ್ಮ್ ಮೇಯರ್. ಬೆರಳಿಟ್ಟು ಎಂಬುದು ಇಲ್ಲಿ ಅಲಂಕಾರದ ಮಾತಲ್ಲ.

1824ರ ಅಕ್ಟೋಬರ್ 25ರಂದು ಫ್ರೆಡೆರಿಸಿಯಾ ಪಟ್ಟಣದಲ್ಲಿ ಜನಿಸಿದ ಮೇಯರ್, ಕೋಪನ್‌ಹೇಗನ್‌ನಲ್ಲಿ ಕುಟುಂಬ ವೈದ್ಯರಾಗಿ ನೆಲೆಸಿ, ಕ್ರಮೇಣ ಕಿವಿಯ ಕಾಯಿಲೆಗಳತ್ತ ಹೊರಳಿದರು. 1860ರ ದಶಕದಲ್ಲಿ ಕಿವಿ ಮಂದವಾಗಿದ್ದ, ಮೂಗು ಕಟ್ಟಿದಂತೆ ಮಾತನಾಡುತ್ತಿದ್ದ ಯುವತಿಯೊಬ್ಬಳು ಅವರ ಬಳಿಗೆ ಬಂದಳು. ಕಿವಿಯಲ್ಲಿ ಉತ್ತರ ಸಿಗದಾಗ ಮೇಯರ್ ತೋರುಬೆರಳನ್ನು ಬಾಯಿಯ ಮೂಲಕ ಕಿರುನಾಲಗೆಯ ಹಿಂದಕ್ಕೆ, ಅಲ್ಲಿಂದ ಮೇಲಕ್ಕೆ ತೂರಿಸಿದರು. ಖಾಲಿಯಿರಬೇಕಾದ ಜಾಗದಲ್ಲಿ ಮೆತ್ತನೆಯ ಮಾಂಸದ ಬೆಳವಣಿಗೆ ತುಂಬಿಕೊಂಡಿತ್ತು. ಇಂದು ಅಡಿನಾಯ್ಡ್ ಎಂದು ಕರೆಯುವುದು ಅದನ್ನೇ.

ಅದನ್ನು ತೆಗೆಯಲು ಅವರು ಉಂಗುರದಾಕಾರದ ಪುಟ್ಟ ಚಾಕುವೊಂದನ್ನು ರೂಪಿಸಿದರು. ಚಾಕು ಮೂಗಿನ ಹೊಳ್ಳೆಯಿಂದ ಒಳಹೋಗುತ್ತಿತ್ತು. ಬಾಯಿಯಿಂದ ಹೋದ ಬೆರಳು ಅದಕ್ಕೆ ದಾರಿ ತೋರುತ್ತಿತ್ತು. ಕಣ್ಣಿಗೆ ಕಾಣದ ಜಾಗದಲ್ಲಿ ಸ್ಪರ್ಶವೊಂದನ್ನೇ ನಂಬಿ ನಡೆಸುವ ಈ ಶಸ್ತ್ರಚಿಕಿತ್ಸೆ ಎದೆಗಾರಿಕೆಯದೇ ಸರಿ. 1868ರಲ್ಲಿ ಡ್ಯಾನಿಷ್ ಭಾಷೆಯಲ್ಲಿ, 1870ರಲ್ಲಿ ಲಂಡನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಇಂಗ್ಲಿಷಿನಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಕೋಪನ್‌ಹೇಗನ್‌ನ ಶಾಲಾ ಮಕ್ಕಳನ್ನೂ ಪರೀಕ್ಷಿಸಿ, ಇದು ಅಪರೂಪದ ಕಾಯಿಲೆಯಲ್ಲವೆಂದು ಅವರು ದೃಢಪಡಿಸಿದರು.

ಮೇಯರ್ ಅವರ ಗಮನ ಹೆಚ್ಚಾಗಿ ಕಿವುಡು ಮತ್ತು ಮಾತಿನ ದೋಷದ ಮೇಲಿತ್ತು. ನಿದ್ರೆಯಲ್ಲಿ ಉಸಿರು ನಿಲ್ಲುವ ತೊಂದರೆಗೆ ಆಗ ಹೆಸರೇ ಇರಲಿಲ್ಲ. 1889ರಲ್ಲಿ ಲಂಡನ್ನಿನ ವಿಲಿಯಂ ಹಿಲ್, ಮಕ್ಕಳು ಓದಿನಲ್ಲಿ ಹಿಂದುಳಿಯುವುದಕ್ಕೂ ಈ ಅಡಚಣೆಗೂ ನಂಟು ಕಲ್ಪಿಸಿದರು. 1892ರಲ್ಲಿ ವಿಲಿಯಂ ಆಸ್ಲರ್ ತಮ್ಮ ವೈದ್ಯಕೀಯ ಗ್ರಂಥದಲ್ಲಿ ಇಂತಹ ಮಕ್ಕಳ ಕಷ್ಟದ ನಿದ್ರೆಯನ್ನು ವರ್ಣಿಸಿದರು. ಆ ಬಳಿಕ ವಿಷಯ ಬಹುಕಾಲ ಮರೆಗೆ ಸರಿಯಿತು. 1976ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಕ್ರಿಶ್ಚಿಯನ್ ಗಿಯೆಮಿನೊ ಎಂಟು ಮಕ್ಕಳ ನಿದ್ರೆಯನ್ನು ಯಂತ್ರಗಳಿಂದ ದಾಖಲಿಸಿದ ಮೇಲೆಯೇ ಸ್ಲೀಪ್ ಅಪ್ನಿಯಾ ಮಕ್ಕಳನ್ನೂ ಕಾಡುತ್ತದೆಂಬುದು ಖಚಿತವಾದದ್ದು.

ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಳ್ಳುತ್ತವೆ. ಊದಿದ ಅಡಿನಾಯ್ಡ್ ಮತ್ತು ಟಾನ್ಸಿಲ್ ಆಗ ಗಾಳಿಯ ದಾರಿಯನ್ನು ಮುಚ್ಚುತ್ತವೆ. ರಕ್ತದಲ್ಲಿ ಆಮ್ಲಜನಕ ಇಳಿದು, ಮಿದುಳು ಮಗುವನ್ನು ಮತ್ತೆ ಮತ್ತೆ ಎಚ್ಚರಿಸುತ್ತದೆ. ಇಂದು ರೋಗಪತ್ತೆಗೆ ರಾತ್ರಿಯಿಡೀ ನಡೆಸುವ ನಿದ್ರಾ ಪರೀಕ್ಷೆಯಿದೆ, ಎಂಡೋಸ್ಕೋಪಿಯಿದೆ. ಟಾನ್ಸಿಲ್, ಅಡಿನಾಯ್ಡ್ ಎರಡನ್ನೂ ತೆಗೆಯುವುದು ಮುಖ್ಯ ಚಿಕಿತ್ಸೆ. 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಶಸ್ತ್ರಚಿಕಿತ್ಸೆಯಾದ ಶೇ. 79 ಮಕ್ಕಳ ನಿದ್ರೆಯ ಉಸಿರಾಟ ಸಹಜಗೊಂಡಿತ್ತು. ಕಾದು ನೋಡಿದ ಗುಂಪಿನಲ್ಲೂ ಶೇ. 46 ಮಕ್ಕಳು ಸುಧಾರಿಸಿದ್ದರೆಂಬುದನ್ನು ಆತುರದ ಪೋಷಕರು ಗಮನಿಸಬೇಕು.

ಇಳಿವಯಸ್ಸಿನಲ್ಲಿ ಮೇಯರ್ ಅವರಿಗೆ ವಿಚಿತ್ರ ಹವ್ಯಾಸವೊಂದು ಅಂಟಿತ್ತು. ಈ ಕಾಯಿಲೆ ಎಷ್ಟು ಹಳೆಯದೆಂದು ತಿಳಿಯಲು ಪ್ರಾಚೀನ ಶಿಲ್ಪ, ಭಾವಚಿತ್ರಗಳಲ್ಲಿ ಬಾಯಿ ತೆರೆದ ಮುಖಗಳನ್ನು ಅವರು ಹುಡುಕುತ್ತಿದ್ದರು. 1895ರ ಜೂನ್‌ನಲ್ಲಿ ಇಟಲಿಯ ವೆನಿಸ್‌ನಲ್ಲಿ ನಿಧನರಾದರು. ಮೂರು ವರ್ಷಗಳ ನಂತರ, ನಾನಾ ದೇಶಗಳ ವೈದ್ಯರು ಕೂಡಿಸಿದ ಹಣದಿಂದ ಕೋಪನ್‌ಹೇಗನ್‌ನ ಉದ್ಯಾನವೊಂದರಲ್ಲಿ ಅವರ ಪ್ರತಿಮೆ ಸ್ಥಾಪನೆಯಾಯಿತು.